ಹದಿನೇಳು ಬಣ್ಣದ ಚಕ್ರ, ಒಂದು ಸುಟ್ಟ ಟಿಸಿ

ಭಾನುವಾರದ ಪೇಪರ್‌ನಲ್ಲಿ ಆ ಅರ್ಧ ಪುಟದ ಜಾಹೀರಾತು ನೀವೂ ನೋಡಿರುತ್ತೀರಿ. ಒಂದು ಇಂಧನ ಕಂಪನಿಯದ್ದು. ಹೆಸರು ಬೇಡ, ಬಿಟ್ಟಿ ಪ್ರಚಾರ ಯಾಕೆ? ಹಸಿರು ಗದ್ದೆ, ನಗುವ ರೈತ (ಮಂಡ್ಯದವನಂತೂ ಅಲ್ಲ, ಪಂಚೆಗೆ ಇಸ್ತ್ರಿ ಹಾಕಿದೆ), ಪಕ್ಕದಲ್ಲಿ ವಿಶ್ವಸಂಸ್ಥೆಯ ಆ ಬಣ್ಣಬಣ್ಣದ ಚಕ್ರ. ನೋಡಿದ ತಕ್ಷಣ ನನಗೆ ಮೇಲುಕೋಟೆ ವೈರಮುಡಿ ಜಾತ್ರೆಯ ಬಳೆ ಅಂಗಡಿ ನೆನಪಾಯಿತು. ಕೆಳಗೆ ಒಂದು ಸಾಲು: ಸುಸ್ಥಿರ ಅಭಿವೃದ್ಧಿಯ 17 ಗುರಿಗಳಿಗೂ ನಮ್ಮ ಬೆಂಬಲ.

ಹದಿನೇಳಕ್ಕೂ! ಒಂದನ್ನೂ ಬಿಟ್ಟಿಲ್ಲ. 2015ರಲ್ಲಿ ಜಗತ್ತಿನ ದೇಶಗಳೆಲ್ಲ ಕೂತು ಒಪ್ಪಿದ ಗುರಿಗಳು ಇವು, 2030ಕ್ಕೆ ಮುಗಿಯಬೇಕು. 2024ರಲ್ಲಿ ವಿಶ್ವಸಂಸ್ಥೆಯೇ ಲೆಕ್ಕ ಹಾಕಿ, ಇವುಗಳ ಒಳಗುರಿಗಳಲ್ಲಿ ನೂರಕ್ಕೆ 17 ಮಾತ್ರ ಸರಿದಾರಿಯಲ್ಲಿವೆ ಅಂತ ಹೇಳಿತು. ನಮ್ಮ ಕಂಪನಿ ಮಾತ್ರ ರ‍್ಯಾಂಕ್ ಸ್ಟೂಡೆಂಟು.

ಹೇಗೆ ಅಂತೀರಾ? ಜಾತಕ ಕೂಡಿಸಿದ ಹಾಗೆ. ಮೊದಲು ಮದುವೆ ಗೊತ್ತುಮಾಡಿಕೊಂಡು ಆಮೇಲೆ ಗುಣ ಎಣಿಸೋದು. ಶಾಲೆಗೆ ಇಪ್ಪತ್ತು ಬ್ಯಾಗ್ ಕೊಟ್ಟರೆ ನಾಲ್ಕನೇ ಗುರಿ, ಶಿಕ್ಷಣ, ಆಯಿತು. ಮಹಿಳಾ ಸಿಬ್ಬಂದಿಗೆ ರಂಗೋಲಿ ಸ್ಪರ್ಧೆ ಇಟ್ಟರೆ ಐದನೆಯದು, ಲಿಂಗ ಸಮಾನತೆ. ಶೌಚಾಲಯಕ್ಕೆ ಸುಣ್ಣ ಹೊಡೆದರೆ ಆರನೆಯದು, ನೀರು-ನೈರ್ಮಲ್ಯ. ನನಗೆ ಕುತೂಹಲ ಇದ್ದದ್ದು ಹದಿನಾಲ್ಕರ ಮೇಲೆ. ಅದು ಸಮುದ್ರದ ಜೀವಿಗಳನ್ನು ಕಾಪಾಡುವ ಗುರಿ. ಮಂಡ್ಯದಲ್ಲಿ ಸಮುದ್ರ ಎಲ್ಲಿಂದ ತರ್ತಾರೆ ಅಂತ ಹುಡುಕಿದೆ. ಕೆರೆಗೆ ಮೀನುಮರಿ ಬಿಟ್ಟಿದ್ದಾರಂತೆ. ಹೇಗೂ ಕಾವೇರಿ ಕೊನೆಗೆ ಸಮುದ್ರಕ್ಕೇ ಹೋಗುತ್ತೆ ಅಲ್ವಾ, ಮೀನು ಬುದ್ಧಿವಂತ ಆಗಿದ್ದರೆ ದಾರಿ ಹುಡುಕಿಕೊಳ್ಳುತ್ತೆ ಬಿಡಿ.

ಇನ್ನೊಂದು ವಿಷಯ. ದೊಡ್ಡ ಲಾಭದ ಕಂಪನಿಗಳು ಅದರಲ್ಲಿ ನೂರಕ್ಕೆ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಲೇಬೇಕು ಅಂತ 2013ರ ಕಂಪನಿ ಕಾಯ್ದೆಯಲ್ಲೇ ಇದೆ. ನಾನೂ ಮನೆ ಕಂದಾಯ ಕಟ್ಟಿ, ‘ಪಟ್ಟಣದ ಏಳಿಗೆಗೆ ನನ್ನ ಬೆಂಬಲ’ ಅಂತ ಅರ್ಧ ಪುಟ ಹಾಕಿಸೋಣ ಅಂದುಕೊಂಡಿದ್ದೇನೆ.

ಸುಮ್ನೆ ನಮ್ಮವರನ್ನೇ ಬೈಯಬಾರದು. ದೊಡ್ಡಣ್ಣಂದಿರನ್ನೂ ನೋಡಿ. ಇಂಗ್ಲೆಂಡಿನ ಬಿಪಿ ಅನ್ನೋ ತೈಲ ಕಂಪನಿ 2004ರಲ್ಲಿ ಜನರಿಗೆ ಅವರವರ ಇಂಗಾಲದ ಹೆಜ್ಜೆಗುರುತು, ಅಂದರೆ ಒಬ್ಬೊಬ್ಬರಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತೆ ಅನ್ನೋದನ್ನು, ಲೆಕ್ಕ ಹಾಕಿಕೊಳ್ಳೋದು ಕಲಿಸಿತು. ನೆಲದಿಂದ ಎಣ್ಣೆ ತೆಗೆದು ಮಾರೋರು ಅವರು, ಬಚ್ಚಲಮನೆ ಲೈಟ್ ಆರಿಸಲಿಲ್ಲ ಅಂತ ಕೊರಗಬೇಕಾದವರು ನಾವು. 2030ರ ಹೊತ್ತಿಗೆ ಎಣ್ಣೆ, ಗ್ಯಾಸ್ ಉತ್ಪಾದನೆಯನ್ನು ನೂರಕ್ಕೆ 40ರಷ್ಟು ಇಳಿಸುತ್ತೇವೆ ಅಂತ 2020ರಲ್ಲಿ ಹೇಳಿದ್ದರು. 2023ರಲ್ಲಿ ಅದನ್ನು 25 ಮಾಡಿಕೊಂಡರು. ಸಂತೇಲಿ ಸೊಪ್ಪಿಗೆ ಚೌಕಾಸಿ ಮಾಡಿದ ಹಾಗೆ. ಅದೇ ವರ್ಷ ದುಬೈನ ಹವಾಮಾನ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರು. ಬೆಣ್ಣೆ ಕಾಯೋಕೆ ಬೆಕ್ಕು.

ಏಳನೇ ಗುರಿಗೆ ಬರೋಣ. ಎಲ್ಲರಿಗೂ ಕೈಗೆಟುಕುವ, ನಂಬಬಹುದಾದ ವಿದ್ಯುತ್. ನಂಬಬಹುದಾದ! ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿದ್ದು 1902ರಲ್ಲಿ. ಹುಟ್ಟಿದ ಕೂಸು ನೇರ ಕೋಲಾರದ ಚಿನ್ನದ ಗಣಿಗೆ ಹೋಯಿತು, ಸುಮಾರು 147 ಕಿಲೋಮೀಟರ್. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. 1908ರಲ್ಲಿ ಮೈಸೂರು. ತಂತಿ ಕೆಳಗೆ ಇದ್ದ ಊರಿನವರು ಕತ್ತೆತ್ತಿ ನೋಡಿಕೊಂಡಿದ್ದರು. ಈಗ ನಮ್ಮ ಮನೆಗೂ ಬಂದಿದೆ, ಇಲ್ಲ ಅನ್ನಲ್ಲ. ಆದರೆ ಗದ್ದೆಗೆ ಪಂಪ್ ಓಡಿಸೋ ತ್ರೀ ಫೇಸ್ ಕರೆಂಟ್ ಬರೋದು ಒಂದು ವಾರ ಹಗಲು, ಒಂದು ವಾರ ರಾತ್ರಿ.

ಹೋದ ತಿಂಗಳು ನಮ್ಮ ದೊಡ್ಡಪ್ಪನ ಗದ್ದೆಯ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ನಾಲ್ಕು ಪಂಪ್‌ಸೆಟ್ ಮನೆಯವರು ಚಂದಾ ಎತ್ತಿ, ಟ್ರಾಕ್ಟರ್ ಬಾಡಿಗೆ ಹಿಡಿದು, ಟ್ರೇಲರ್‌ನಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆದೊಯ್ಯುವ ಹಾಗೆ ಅದನ್ನು ಕೂರಿಸಿಕೊಂಡು ಕರೆಂಟ್ ಆಫೀಸಿಗೆ ಹೋದರು. ಎಣ್ಣೆ ಸೋರಿ ಹುಲ್ಲೆಲ್ಲ ಕಪ್ಪಾಗಿತ್ತು. ‘ಸ್ಟಾಕ್ ಇಲ್ಲ ಗೌಡ್ರೇ, ನಾಳಿದ್ದು ಬನ್ನಿ’ ಅಂದರು ಅಲ್ಲಿನ ಸಾಹೇಬರು. ‘ಸಾ, ಹದಿನಾರು ದಿನ ಆಯ್ತು, ಕಬ್ಬು ಒಣಗ್ತಾ ಅದೆ’ ಅಂತ ದೊಡ್ಡಪ್ಪ. ಸಾಹೇಬರ ತಲೆ ಮೇಲಿನ ಗೋಡೆಯಲ್ಲಿ ಅದೇ ಬಣ್ಣದ ಚಕ್ರ. ಟಿಸಿ ಕೊಡೋರು ಬೇರೆ, ಜಾಹೀರಾತು ಕೊಟ್ಟವರು ಬೇರೆ, ಗೊತ್ತು. ಚಕ್ರ ಮಾತ್ರ ಎಲ್ಲರಿಗೂ ಒಂದೇ. ಹದಿನೇಳನೇ ಗುರಿ ಸಹಭಾಗಿತ್ವ. ಟ್ರಾಕ್ಟರ್ ನಮ್ಮದು, ‘ನಾಳಿದ್ದು’ ಅವರದು.

ನಗು ಬರಲ್ಲ ಕಣ್ರಿ. ಅರವತ್ತೆಂಟು ವರ್ಷದ ಮನುಷ್ಯ ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು, ಚಿರತೆ ಓಡಾಡೋ ಕಬ್ಬಿನ ಗದ್ದೆ ನಡುವೆ ಹೋಗಿ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಒತ್ತಬೇಕು. ಅವರು ವಾಪಸ್ ಬರುವವರೆಗೂ ದೊಡ್ಡಮ್ಮ ಜಗಲಿ ಬಿಟ್ಟು ಏಳಲ್ಲ. ಇದನ್ನು ಯಾವ ಬಣ್ಣದಲ್ಲಿ ಬರೀತೀರಿ?

ಅಂದಹಾಗೆ, ಆ ಕಂಪನಿ ಕ್ಯಾಲೆಂಡರನ್ನೂ ಹಂಚಿದೆ. ಒಳ್ಳೆ ದಪ್ಪ ಕಾಗದ, ತಿಂಗಳಿಗೊಂದು ಗುರಿ, ಉಳಿದ ಐದು ಹಿಂಬದಿಯಲ್ಲಿ. ದೊಡ್ಡಪ್ಪ ಅದನ್ನು ಅಡುಗೆಮನೆ ಬಾಗಿಲ ಪಕ್ಕ ನೇತುಹಾಕಿದ್ದಾರೆ. ಟಿಸಿ ಬಂದ ಮೇಲೆ ವಾರ ಬಿಟ್ಟು ವಾರ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಒಳಗೆ ‘ರಾ’ ಅಂತ ಬರೆದಿದ್ದಾರೆ. ರಾತ್ರಿ ಪಾಳಿ.