ಅತ್ತೆಯ ಗಂಜಿಗೆ ಹತ್ತಕ್ಕೆ ಆರು

ಇವತ್ತು ಬೆಳಿಗ್ಗೆ ಐದೂವರೆಗೇ ಎದ್ದು ಲ್ಯಾಪ್‌ಟಾಪ್ ತೆರೆದೆ. ಆನ್‌ಲೈನ್ ನ್ಯೂಟ್ರಿಷನ್ ಕೋರ್ಸಿಗೆ ಅತ್ತೆಯ ಊಟದ ಬಗ್ಗೆ ಬರೆದ ಅಸೈನ್‌ಮೆಂಟಿನ ಮಾರ್ಕ್ ಬಂದಿತ್ತು. 10ಕ್ಕೆ 6. ಕೆಳಗೆ ಸರ್ ಇಂಗ್ಲಿಷಿನಲ್ಲಿ ಎರಡೇ ಸಾಲು ಬರೆದಿದ್ದರು. ಗಂಜಿ ಕಾಯಿಲೆಯವರ ಆಹಾರವಂತೆ. ಅದರ ಬದಲು ಓಟ್ಸ್ ಅಥವಾ ದಲಿಯಾ (ಗೋಧಿ ನುಚ್ಚು) ಸೂಚಿಸಬಹುದಿತ್ತಂತೆ.

ಕಾಯಿಲೆಯವರ ಆಹಾರ! ಹಾಗಾದ್ರೆ ನಾನು ಹುಟ್ಟಿದಾಗಿನಿಂದ ಕಾಯಿಲೆಯವಳೇ ಮಾರಾಯ್ರೆ. ಮಲ್ಪೆಯಲ್ಲಿ ಬಲೆ ಎಳೆಯುವವರು, ಗದ್ದೆಯಲ್ಲಿ ನೇಜಿ ನೆಡುವವರು, ಎಲ್ಲರೂ ಪೇಷೆಂಟುಗಳು. ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆ ಪೂರ್ತಿ ಹಾಸಿಗೆ ಹಿಡಿದಿದೆ, ನಮಗೇ ಗೊತ್ತಿರಲಿಲ್ಲ ಅಷ್ಟೆ.

ಶಾಲೆಯ ಟೀಚರ್ ಕೆಲಸ ಬಿಟ್ಟ ಮೇಲೆ ನಾನು ಸುಮ್ನೆ ಕೂರುವವಳಲ್ಲ ಅಂತ ನಿಮಗೆಲ್ಲ ಗೊತ್ತು. ಇವರ ಶುಗರ್, ಅತ್ತೆಯ ಬಿಪಿ, ಎರಡಕ್ಕೂ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಮಾಡಿ, ಇದನ್ನು ಸರಿಯಾಗಿ ಕಲಿತೇ ಬಿಡುವ ಅನ್ನಿಸಿತು. ಒಂದು ಕಾಲೇಜಿನ ಆನ್‌ಲೈನ್ ಕೋರ್ಸಿಗೆ ಸೇರಿದೆ. ನ್ಯೂಟ್ರಿಷನ್ ಅಂಡ್ ಡಯಟ್ ಥೆರಪಿ. ಕಾಲೇಜಿನ ಹೆಸರು ಹೇಳುವುದಿಲ್ಲ. ಫೀಸು ಕಟ್ಟಿ ಆಗಿದೆ, ಸರ್ಟಿಫಿಕೇಟ್ ಇನ್ನೂ ಬರಬೇಕು.

ಅಸೈನ್‌ಮೆಂಟ್ ಇಷ್ಟೆ. ಮನೆಯ ಒಬ್ಬರನ್ನು ಕೂರಿಸಿಕೊಂಡು ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನೆಲ್ಲ ಕೇಳಿ ಬರೆಯಬೇಕು. ಏನು, ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣ. ಆಮೇಲೆ ಕ್ಯಾಲರಿ ಲೆಕ್ಕ ಹಾಕಿ, ಏನು ಬದಲಿಸಬೇಕು ಅಂತ ಸೂಚಿಸಬೇಕು. ನಾನು ಅತ್ತೆಯನ್ನು ಆರಿಸಿಕೊಂಡೆ. 78 ವರ್ಷ. ನೆನಪು ನನಗಿಂತ ಚೆನ್ನಾಗಿದೆ.

"ಬೆಳಿಗ್ಗೆ ಎಂತ ತಿಂದದ್ದು ಅತ್ತೆ?"

"ಗಂಜಿ."

"ಎಷ್ಟು?"

"ಒಂದು ಬಟ್ಟಲು."

"ಬಟ್ಟಲು ಅಂದ್ರೆ ಎಷ್ಟು?"

"ಎಂತ ಮಾರಾಯ್ತಿ, ಬಡಿಸಿದ್ದು ನೀನಲ್ವಾ?"

ಸರಿಯಾದ ಉತ್ತರ. ಮರುದಿನ ನಾನೇ ತಕ್ಕಡಿ ಹಿಡಿದು ಕೂತೆ. ಇವರು ಕೇಕ್ ಮಾಡ್ತೇನೆ ಅಂತ ಲಾಕ್‌ಡೌನಿನಲ್ಲಿ ತಂದ, ಆಮೇಲೆ ಮುಟ್ಟದ ತಕ್ಕಡಿ. ಅತ್ತೆಯ ಪಾಲಿನ ಕುಚ್ಚಲಕ್ಕಿ 60 ಗ್ರಾಂ. ಸುಮಾರು 210 ಕ್ಯಾಲರಿ. ಜೊತೆಗೆ ಹುರುಳಿ ಚಟ್ನಿ ಎರಡು ಚಮಚ, ಮಾವಿನ ಮಿಡಿ ಉಪ್ಪಿನಕಾಯಿ ಒಂದು. ಅತ್ತೆ ನನ್ನನ್ನೇ ನೋಡುತ್ತಿದ್ದರು. "ರೇಷನ್ ಅಂಗಡಿಯವನೂ ಇಷ್ಟು ತೂಗುವುದಿಲ್ಲ" ಅಂದರು.

ಇನ್ನು ಫಾರ್ಮ್ ತುಂಬಿಸುವ ಕತೆ. ಅದರಲ್ಲಿ ನಾವೇ ಬರೆಯುವ ಹಾಗಿಲ್ಲ, ಕೊಟ್ಟ ಪಟ್ಟಿಯಿಂದ ಆರಿಸಬೇಕು. ಕುಚ್ಚಲಕ್ಕಿ ಹುಡುಕಿದೆ, ಇಲ್ಲ. ಬಾಯ್ಲ್ಡ್ ರೈಸ್ ಅಂತ ಹಾಕಿದರೆ ಬೇಯಿಸಿದ ಬಿಳಿ ಅನ್ನ ಬರುತ್ತದೆ. ಕೊನೆಗೆ ಕಾಂಜಿ ಅಂತ ಹೊಡೆದೆ. ಬಂತು! ಖುಷಿಯಿಂದ ಒತ್ತಿ ನೋಡಿದರೆ ಕ್ಯಾರೆಟ್. ಉತ್ತರ ಭಾರತದ ಕಡೆ ಕಪ್ಪು ಕ್ಯಾರೆಟ್ ಮತ್ತು ಸಾಸಿವೆಪುಡಿಯನ್ನು ನೀರಲ್ಲಿ ಹಾಕಿ ಹುಳಿ ಬರಿಸಿ ಕುಡಿಯುತ್ತಾರಲ್ವಾ, ಆ ಕಾಂಜಿ. ಅದನ್ನೇ ಆರಿಸಿದ್ದರೆ ಅತ್ತೆ ದಿನಾ ಬೆಳಿಗ್ಗೆ ಕ್ಯಾರೆಟ್ ನೀರು ಕುಡಿದು, ಮಿಡಿ ಕಚ್ಚಿಕೊಂಡು ಬದುಕಿದ್ದಾರೆ ಅಂತ ಆಗುತ್ತಿತ್ತು. ಕೊನೆಗೆ "ಇತರೆ" ಅನ್ನುವ ಖಾನೆಯಲ್ಲಿ ವಿವರವಾಗಿ ಬರೆದೆ, ಕುಚ್ಚಲಕ್ಕಿ ಹೇಗೆ ಮಾಡ್ತಾರೆ ಅನ್ನುವುದನ್ನೂ ಸೇರಿಸಿ. ಅದನ್ನು ಓದಿ ಕೊಟ್ಟದ್ದು ಆರು ಮಾರ್ಕ್. ಓದಿದ್ದಾರಾ ಅನ್ನುವುದೇ ಸಂಶಯ.

ನನಗೆ ಸಿಟ್ಟು ಬಂದದ್ದು ಮಾರ್ಕಿಗಲ್ಲ. ಸುಳ್ಳು. ಮಾರ್ಕಿಗೂ ಬಂದಿದೆ.

ಆದರೆ ಜಾಸ್ತಿ ಉರಿದದ್ದು ಬೇರೆ ಕಾರಣಕ್ಕೆ. ಇದೇ ಸರ್ ಎರಡನೇ ವಾರದಲ್ಲಿ ಬೆರಿಬೆರಿ ಅನ್ನುವ, ಕೈಕಾಲು ಸೋಲುವ ಕಾಯಿಲೆಯ ಪಾಠ ಮಾಡಿದ್ದರು. ಹೊರಗೆ ಮಳೆ, ಎರಡು ಸಲ ಕರೆಂಟ್ ಹೋಯಿತು, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಕೇಳಿದ ಪಾಠ. ಮರೆಯುವುದಿಲ್ಲ. ಜಾವಾ ದ್ವೀಪದಲ್ಲಿ ಐಕ್ಮನ್ ಅನ್ನುವ ಡಚ್ ಡಾಕ್ಟರು ನೋಡಿದ್ದು, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುತ್ತದೆ, ತೌಡು ಇರುವ ಅಕ್ಕಿ ಹಾಕಿದರೆ ಸರಿಯಾಗುತ್ತದೆ. ಅದಕ್ಕೆ 1929ರಲ್ಲಿ ನೊಬೆಲ್ ಬಂತು. ತೌಡಿನಲ್ಲಿದ್ದದ್ದು ಬಿ1 ವಿಟಮಿನ್. ನಮ್ಮ ದೇಶದ ರಾಷ್ಟ್ರೀಯ ಪೋಷಣಾ ಸಂಸ್ಥೆ, ಈಗ ಹೈದರಾಬಾದಿನಲ್ಲಿ ಇರುವುದು, ಅದು 1918ರಲ್ಲಿ ಕೂನೂರಿನಲ್ಲಿ ಶುರುವಾದದ್ದೇ ಬೆರಿಬೆರಿಯ ಕಾರಣ ಹುಡುಕಲಿಕ್ಕೆ. ಮೆಕ್‌ಕ್ಯಾರಿಸನ್ ಅನ್ನುವವರು ಶುರು ಮಾಡಿದ್ದು. ಇಷ್ಟೆಲ್ಲ ಹೇಳಿ ಸರ್ ಕೊನೆಗೆ, ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡಿದರೆ ತೌಡಿನ ಬಿ1 ಕಾಳಿನ ಒಳಗೆ ಇಳಿಯುತ್ತದೆ, ಹಾಗಾಗಿ ಪಾಲಿಶ್ ಮಾಡಿದರೂ ಅಷ್ಟು ಹೋಗುವುದಿಲ್ಲ ಅಂದರು. ಪಾರ್‌ಬಾಯ್ಲ್ಡ್ ರೈಸ್ ಅಂತ ದಪ್ಪ ಅಕ್ಷರದ ಸ್ಲೈಡ್ ಹಾಕಿದರು.

ಸಾರ್, ಅದೇ ಕುಚ್ಚಲಕ್ಕಿ! ಅದನ್ನೇ ನಾನು ಬರೆದದ್ದು!

ಆ ಸ್ಲೈಡ್ ನೋಡಿ ನನಗೆ ಅಜ್ಜಿಮನೆಯ ಅಂಗಳ ಕಂಡಿತ್ತು. ದೊಡ್ಡ ಹಂಡೆ, ಕೆಳಗೆ ತೆಂಗಿನ ಮಡಲು ಉರಿಯುವುದು, ಭತ್ತ ಬಾಯಿ ಬಿಡುವ ಹೊತ್ತಿನ ಆ ವಾಸನೆ. ಒದ್ದೆ ಭತ್ತವನ್ನು ಚಾಪೆಯಲ್ಲಿ ಹರಡಿ ಕಾಲಿನಿಂದ ಗೆರೆ ಗೆರೆ ಎಳೆಯುವುದು ಮಕ್ಕಳ ಕೆಲಸ. ಅಂಗಾಲು ಬಿಸಿ ಬಿಸಿ. ಬಿ1 ಒಳಗೆ ಇಳಿಯಲಿ ಅಂತ ಅಜ್ಜಿ ಬೇಯಿಸಿದ್ದಲ್ಲ, ಅದು ನನಗೂ ಗೊತ್ತು. ನಮ್ಮ ಹಿರಿಯರಿಗೆ ಎಲ್ಲ ವಿಜ್ಞಾನ ಗೊತ್ತಿತ್ತು ಅನ್ನುವ ವಾಟ್ಸಾಪ್ ಫಾರ್ವರ್ಡ್ ಗ್ಯಾಂಗಿಗೆ ನನ್ನನ್ನು ಸೇರಿಸಬೇಡಿ. ಬೆಂದ ಭತ್ತದ ಅಕ್ಕಿ ಮಿಲ್ಲಿನಲ್ಲಿ ಕಡಿಮೆ ನುಚ್ಚಾಗುತ್ತದೆ, ಹೊಟ್ಟೆಯಲ್ಲಿ ತಾಳುತ್ತದೆ, ಅವರಿಗೆ ಅಷ್ಟು ಸಾಕಿತ್ತು. ಆದರೂ ಲಾಭ ಲಾಭವೇ ಅಲ್ವಾ?

ಇನ್ನೊಂದು ವಿಷಯ ನೋಡಿ. ಬಿ1 ನೀರಿನಲ್ಲಿ ಕರಗುವ ವಿಟಮಿನ್. ಅನ್ನ ಬೇಯಿಸಿ ನೀರು ಬಸಿದು ಚೆಲ್ಲಿದರೆ ಅದರಲ್ಲಿ ಒಂದು ಪಾಲು ಹೋಯಿತು. ಇದೂ ಸರ್ ಹೇಳಿದ್ದೇ. ಹಾಗಾದ್ರೆ ನೀರು ಚೆಲ್ಲದೆ, ತೆಳಿ ಸಮೇತ ಉಣ್ಣುವ ಅಡುಗೆ ಯಾವುದು? ನಾನು ಮತ್ತೆ ಹೇಳಬೇಕಾ?

ಸರಿ, ಓಟ್ಸ್ ಕೆಟ್ಟದ್ದಾ? ಅಲ್ಲ. ಅದರಲ್ಲಿ ಬೀಟಾ ಗ್ಲೂಕಾನ್ ಅನ್ನುವ ನಾರು ಉಂಟು, ದಿನಕ್ಕೆ 3 ಗ್ರಾಂ ಹೋದರೆ ಕೊಲೆಸ್ಟ್ರಾಲ್ ಇಳಿಯುತ್ತದೆ. ನಾರಿನ ಲೆಕ್ಕದಲ್ಲಿ ಗಂಜಿ ಓಟ್ಸಿನ ಮುಂದೆ ನಿಲ್ಲುವುದಿಲ್ಲ, ಒಪ್ಪಿದೆ. ಹೋದ ವರ್ಷ ಒಂದು ಪ್ಯಾಕೆಟ್ ತಂದು ಮಾಡಿಯೂ ಕೊಟ್ಟೆ. ಅತ್ತೆ ಎರಡು ಚಮಚ ತಿಂದು "ಇದಕ್ಕೆ ಬೆಲ್ಲ ಹಾಕಲಿಕ್ಕೆ ಮರೆತದ್ದಾ?" ಅಂದರು. ಮೂರನೇ ದಿನದಿಂದ ಬೆಕ್ಕಿಗೆ ಹೋಯಿತು. ಬೆಕ್ಕು ಸಹ ಮೂಸಿ ನೋಡಿ ಹೋಯಿತು. ತಿನ್ನದ ನಾರಿನಿಂದ ಯಾರ ಕೊಲೆಸ್ಟ್ರಾಲ್ ಇಳಿಯುತ್ತದೆ?

ನನ್ನ ಜೊತೆ ಕಲಿಸುತ್ತಿದ್ದ ಗೆಳತಿ ಫೋನಿನಲ್ಲಿ ಹೇಳಿದಳು. "ಇಡೀ ದೇಶಕ್ಕೆ ಒಂದು ಕೋರ್ಸ್ ಮಾಡುವಾಗ ಉಡುಪಿಯವರ ಗಂಜಿ, ಧಾರವಾಡದವರ ರೊಟ್ಟಿ ಅಂತ ಎಲ್ಲಿ ಸೇರಿಸ್ತಾರೆ? ನೀನು ಅವರು ಹೇಳಿದ್ದು ಬರೆದು ಪಾಸಾಗು." ಮಾತು ಸರಿ ಇದ್ದ ಹಾಗೆ ಕೇಳುತ್ತದೆ. ಆದರೆ ಪಾರ್‌ಬಾಯ್ಲ್ಡ್ ಅಕ್ಕಿ ಉಡುಪಿಯವರದ್ದು ಮಾತ್ರವಾ? ಕೇರಳ, ತಮಿಳುನಾಡು, ಬಂಗಾಳ, ಒಡಿಶಾ, ಎಲ್ಲ ಕಡೆ ಉಣ್ಣುತ್ತಾರೆ. ಹೈದರಾಬಾದಿನ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿಯಲ್ಲಿ 528 ಪದಾರ್ಥಗಳಿವೆ, ಪಾರ್‌ಬಾಯ್ಲ್ಡ್ ಅಕ್ಕಿಗೆ ಬೇರೆಯೇ ಸಾಲು ಉಂಟು. ದೇಶದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದಕ್ಕೆ ಒಂದು ಕಾಲೇಜಿನ ಫಾರ್ಮಿನಲ್ಲಿ ಜಾಗ ಇಲ್ಲ. ಕ್ವಿನೋವಾಕ್ಕೆ ಉಂಟು ಮಾತ್ರ.

ಇನ್ನು ಕೆಲವರು ಆನ್‌ಲೈನಿನಲ್ಲಿ ಇದನ್ನೆಲ್ಲ ಕಲಿಯಲಿಕ್ಕೆ ಆಗುತ್ತದಾ ಅನ್ನುತ್ತೀರಿ. 2025ರಲ್ಲಿ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯೇ ಡಯಟೆಟಿಕ್ಸ್ (ಪಥ್ಯಾಹಾರ ಶಾಸ್ತ್ರ) ತರದ ಪದವಿಗಳನ್ನು ಆನ್‌ಲೈನ್, ದೂರಶಿಕ್ಷಣದಲ್ಲಿ ನಡೆಸಬೇಡಿ ಅಂದಿದೆ. ನನ್ನದು ಪದವಿ ಅಲ್ಲ ಮಾರಾಯ್ರೆ, ಸಣ್ಣ ಸರ್ಟಿಫಿಕೇಟ್. ಇದನ್ನು ಹಿಡಿದುಕೊಂಡು ಬೋರ್ಡ್ ಹಾಕುವುದಿಲ್ಲ. ಹಾಗಾಗಿ ಇನ್‌ಬಾಕ್ಸಿನಲ್ಲಿ ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ ರಿಪೋರ್ಟ್ ಕಳಿಸಿ "ಬೊಂಡ (ಎಳನೀರು) ಕುಡಿಯಬಹುದಾ" ಅಂತ ಕೇಳುವವರು ದಯವಿಟ್ಟು ನಿಮ್ಮ ಡಾಕ್ಟರನ್ನು ಕೇಳಿ. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ ಆಗಬಹುದು. ಇಷ್ಟು ನಾನು ಕಲಿತದ್ದು, ಇದಕ್ಕಿಂತ ಮುಂದೆ ನಾನು ಹೋಗುವುದಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಬೆಳಿಗ್ಗೆ ಮಾರ್ಕ್ ನೋಡಿ ಕುದಿಯುತ್ತಿದ್ದಾಗ ಒಬ್ಬ ಹುಡುಗ ನೆನಪಾದ. ಒಂಬತ್ತನೇ ಕ್ಲಾಸು. ಬಡ್ಡಿ ಲೆಕ್ಕವನ್ನು ಅಪ್ಪನ ಅಂಗಡಿಯ ರೀತಿಯಲ್ಲಿ, ನೂರಕ್ಕೆ ತಿಂಗಳಿಗೆ ಇಷ್ಟು ಅಂತ ಮಾಡಿದ್ದ. ಉತ್ತರ ಸರಿ ಇತ್ತು. ಸೂತ್ರ ಬರೆದಿಲ್ಲ ಅಂತ ನಾನು 4ಕ್ಕೆ 2 ಕೊಟ್ಟೆ. ಕೇಳಲಿಕ್ಕೆ ಬಂದ. "ಬೋರ್ಡ್ ಪರೀಕ್ಷೆಯಲ್ಲಿ ಇದು ನಡೆಯುವುದಿಲ್ಲ" ಅಂದು ಕಳಿಸಿದೆ. ಕೆಂಪು ಪೆನ್ನು ಹಿಡಿದ 26 ವರ್ಷದಲ್ಲಿ ಇಂಥವು ಎಷ್ಟೋ. ಇದನ್ನು ಓದುತ್ತಿರುವ ನನ್ನ ಹಳೇ ಮಕ್ಕಳು ಜಾಸ್ತಿ ನಗಬೇಡಿ.

ಇನ್ನೂ ಒಂದು. ಸಿಟ್ಟು ಇಳಿದ ಮೇಲೆ ನನ್ನ ಉತ್ತರವನ್ನು ನಾನೇ ತಿದ್ದಿ ನೋಡಿದೆ. ಮಾರ್ಕ್ ಕಳೆಯಬೇಕಾದ ಜಾಗ ಇತ್ತು, ಗಂಜಿಯಲ್ಲಲ್ಲ, ಮಿಡಿಯಲ್ಲಿ. ಅತ್ತೆಗೆ ಬಿಪಿ. ದಿನಕ್ಕೆ ಉಪ್ಪು ಒಟ್ಟು 5 ಗ್ರಾಂ ದಾಟಬಾರದು, ಅಂದರೆ ಒಂದು ಟೀ ಚಮಚ. ಬೆಳಿಗ್ಗೆ ಮಿಡಿ, ಮಧ್ಯಾಹ್ನ ಮಿಡಿ, ರಾತ್ರಿ ಸಂಡಿಗೆ. ಗಂಜಿಗೆ ಉಪ್ಪು ಬೇರೆ. ನಾನು ಅದನ್ನೆಲ್ಲ ಬರೆದೂ, ಬದಲಿಸಬೇಕಾದದ್ದು ಅನ್ನುವಲ್ಲಿ ಒಂದಕ್ಷರ ಹಾಕಿರಲಿಲ್ಲ. ಯಾಕೆ? ಆ ಮಿಡಿ ಹಾಕಿದ್ದು ನಾನೇ. ಈ ಸಲ ಚೆನ್ನಾಗಿ ಬಂದಿದೆ ಅಂತ ಬೀದಿಗೆಲ್ಲ ಹಂಚಿದ್ದೇನೆ. ಸರ್ ಅದನ್ನು ಹಿಡಿದಿದ್ದರೆ ನಾನು ತಲೆ ತಗ್ಗಿಸಿ ನಾಲ್ಕು ಮಾರ್ಕ್ ಬಿಟ್ಟುಕೊಡುತ್ತಿದ್ದೆ. ಅವರ ಕಣ್ಣಿಗೆ ಮಿಡಿ ಬೀಳಲೇ ಇಲ್ಲ. ಗಂಜಿ ಅನ್ನುವ ಶಬ್ದ ಓದಿದ ಕೂಡಲೇ ಪೇಷೆಂಟ್ ಕಂಡಿದ್ದಾನೆ, ಪೆನ್ನು ಅಲ್ಲೇ ನಿಂತಿದೆ.

ಅತ್ತೆಗೂ ಸುದ್ದಿ ಹೇಳಿದೆ.

"ನನ್ನ ಗಂಜಿಗೆ ಎಷ್ಟು ಬಂತು?"

"ಹತ್ತಕ್ಕೆ ಆರು."

"ಪಾಸಾ?"

"ಪಾಸ್."

"ಮತ್ತೆಂತ ಬೊಬ್ಬೆ ಹೊಡೆಯುವುದು?"

ಮರುಪರಿಶೀಲನೆಗೆ ಬೇರೆ ಫೀಸು ಉಂಟಂತೆ. ಇವರು ಬೇಡ ಅನ್ನುತ್ತಿದ್ದಾರೆ. ಕಟ್ಟುತ್ತೇನೆ. ಮಿಡಿಯ ವಿಷಯವನ್ನೂ ನಾನೇ ಸೇರಿಸಿ ಕಳಿಸುತ್ತೇನೆ, ಅದಕ್ಕೆ ಎಷ್ಟು ಬೇಕಾದರೂ ಕಳೆಯಲಿ.

ಅಷ್ಟರಲ್ಲಿ ಮುಂದಿನ ಅಸೈನ್‌ಮೆಂಟ್ ಬಂದು ಕೂತಿದೆ. ಬಿಪಿ ಇರುವವರಿಗೆ ಏಳು ದಿನದ ಊಟದ ಪಟ್ಟಿ, ಅದರಲ್ಲಿ ಎರಡು ದಿನ ಮೀನು. ಪಟ್ಟಿಯಲ್ಲಿ ಇರುವ ಮೀನು ಸಾಲ್ಮನ್ ಮತ್ತು ಟ್ಯೂನಾ. ಬಂಗುಡೆ ಇಲ್ಲ, ಬೂತಾಯಿ ಇಲ್ಲ. ಇದ್ದರೂ ಏನು, ಈಗ ಜೂನ್. ಮಳೆಗಾಲದ ಮೀನುಗಾರಿಕೆ ನಿಷೇಧ, ಜುಲೈ 31ರ ತನಕ ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿ. ಮನೆಯಲ್ಲಿ ಇರುವುದು ಡಬ್ಬಿಯಲ್ಲಿ ಒಣ ಬಂಗುಡೆ. ಅದನ್ನು ಎಷ್ಟು ಹೊತ್ತು, ಎಷ್ಟು ನೀರಲ್ಲಿ ನೆನೆಸಿದರೆ ಉಪ್ಪು ಬಿಟ್ಟು ರುಚಿ ಉಳಿಯುತ್ತದೆ, ಮಾಡಿ ಗೊತ್ತಿದ್ದವರು ಕೆಳಗೆ ಬರೆಯಿರಿ. "ಅದರ ಬದಲು ಓಟ್ಸ್ ತಿನ್ನಿ" ಅಂದವರನ್ನು ಅನ್‌ಫ್ರೆಂಡ್ ಮಾಡುತ್ತೇನೆ.