ನೀರು ಅಲ್ಲೇ ಇರಲಿ, ಟಾರ್ಚು ಪೆನ್ಸಿಲು ಊರಿಗೆ ಬರಲಿ

ಕೊಯಮತ್ತೂರು ಕಡೆ ನಾಟಿ ಕೋಳಿ ಮರಿ ಮಾಡಿಸುವ ರೀತಿಗೂ ನಮ್ಮ ತೀರ್ಥಹಳ್ಳಿ, ಹೊಸನಗರದ ರೀತಿಗೂ ಮೇಲ್ನೋಟಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಅವರು ‘ಅಡೆ’ ಅನ್ನುವುದನ್ನು ನಾವು ‘ಕಾವು’ ಅನ್ನುತ್ತೇವೆ. ಇಬ್ಬರಿಗೂ 21 ದಿನವೇ ಲೆಕ್ಕ. ಬೇರೆಯಾಗಿರುವುದು ಗಾಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟಿ ಮಳೆ, ಕೊಯಮತ್ತೂರಿಗೆ ಅದರ ಹತ್ತನೇ ಒಂದು ಪಾಲು ಬಿದ್ದರೆ ಹೆಚ್ಚು. ಇದನ್ನು ಮರೆತು ಅಲ್ಲಿಯ ಕ್ರಮವನ್ನು ಹಾಗೇ ಮಲೆನಾಡಿಗೆ ತಂದರೆ ಮೊಟ್ಟೆ ಕೆಡದೆ ಇನ್ನೇನಾದೀತು?

ಅಲ್ಲಿ ಬುಟ್ಟಿಗೆ ಮರಳು ಹಾಕಿ ಬೇಸಿಗೆಯಲ್ಲಿ ನೀರು ಚಿಮುಕಿಸುತ್ತಾರೆ. ಅವರಿಗೆ ಅದು ಸರಿ. ಕಾವಿನಲ್ಲಿರುವ ಮೊಟ್ಟೆ ಚಿಪ್ಪಿನ ಸಣ್ಣ ರಂಧ್ರಗಳಿಂದ ನೀರಿನಂಶ ಬಿಡುತ್ತಾ ಹೋಗುತ್ತದೆ. ಹದಿನೆಂಟನೇ ದಿನಕ್ಕೆ ತೂಕ 11ರಿಂದ 13 ಶೇಕಡಾ ಇಳಿದಿರಬೇಕು. ಒಣಗಾಳಿಯಲ್ಲಿ ಇದಕ್ಕಿಂತ ಹೆಚ್ಚು ಇಳಿದು ಒಳಪೊರೆ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ತೇವ ಹೆಚ್ಚಾದರೆ ಉಲ್ಟಾ: ದಪ್ಪ ತುದಿಯ ಗಾಳಿಗೂಡು ಸಣ್ಣದಾಗಿಯೇ ಉಳಿದು, ಮರಿ ಮೊದಲ ಉಸಿರಿಗೇ ತಿಣುಕುತ್ತದೆ. 45 ಗ್ರಾಂ ತೂಗುವ ಹತ್ತು ನಾಟಿ ಮೊಟ್ಟೆ ಇಟ್ಟ ದಿನ 450 ಗ್ರಾಂ ಇದ್ದರೆ, ಹದಿನೆಂಟಕ್ಕೆ 396ರ ಆಸುಪಾಸು ಬರಬೇಕು. 420ರಲ್ಲೇ ನಿಂತಿದ್ದರೆ ತೇವ ಜಾಸ್ತಿಯಾಗಿದೆ.

ಕಾವಿನ ಯಂತ್ರ ಇಟ್ಟುಕೊಂಡವರೂ ಇಲ್ಲೇ ಎಡವುತ್ತಾರೆ. ಆಷಾಢದಲ್ಲಿ 24 ಡಿಗ್ರಿಯ, ಶೇಕಡಾ 90 ತೇವಾಂಶದ ಗಾಳಿ ಯಂತ್ರದೊಳಗೆ 37.7 ಡಿಗ್ರಿಗೆ ಕಾದಾಗ ತೇವಾಂಶ ಸುಮಾರು 40ಕ್ಕೆ ಇಳಿಯುತ್ತದೆ. ಮೊಟ್ಟೆ ಬಿಡುವ ಆವಿ ಸೇರಿದರೆ ಮೊದಲ 18 ದಿನಕ್ಕೆ ಅಷ್ಟೇ ಬೇಕಾದಷ್ಟಾಯಿತು. ಕೊಯಮತ್ತೂರಿನ ಬೇಸಿಗೆಯಂಥ 35 ಡಿಗ್ರಿಯ, ಶೇಕಡಾ 30 ತೇವಾಂಶದ ಗಾಳಿ ಹಾಗೇ ಕಾದರೆ 26ಕ್ಕೆ ಬೀಳುತ್ತದೆ. ಅವರು ಯಂತ್ರದೊಳಗೆ ನೀರಿನ ತಟ್ಟೆ ಇಡುವುದು ಅದಕ್ಕೆ. ನಮ್ಮ ಮಳೆಗಾಲದಲ್ಲಿ ತಟ್ಟೆ ಖಾಲಿ ಇರಲಿ, ಕೊನೆಯ ಮೂರು ದಿನ ಮಾತ್ರ ನೀರು ತುಂಬಿಸಿ. ಆದರೂ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಊರಲ್ಲಿ ಯಂತ್ರಕ್ಕಿಂತ ಹೇಂಟೆಯನ್ನೇ ನಂಬುವುದು ಲೇಸು.

ಆದರೆ ಹೇಂಟೆಗೆ ಒಣ ಜಾಗ ಕೊಡಬೇಕು. ಮಳೆಗಾಲದಲ್ಲಿ ಮಣ್ಣಿನ ನೆಲ ಥಂಡಿ ಏರುತ್ತದೆ, ಬುಟ್ಟಿಯನ್ನು ನೆಲಕ್ಕಿಡದೆ ಮೂರು ಇಟ್ಟಿಗೆಯ ಮೇಲಿಡಿ. ಒಂದೂಕಾಲು ಅಡಿ ಅಗಲದ ಬಿದಿರು ಬುಟ್ಟಿ ಸಾಕು. ತಳಕ್ಕೆ ಎರಡು ಬೆರಳು ಜರಡಿ ಹಿಡಿದ ಒಲೆಬೂದಿ, ಮೇಲೆ ಭತ್ತದ ಹುಲ್ಲು. ಹುಲ್ಲು ಸುಗ್ಗಿಯದು, ಜುಲೈ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ. ಆ ಬೂಸ್ಟು ಮರಿಯ ಶ್ವಾಸಕೋಶಕ್ಕೆ ಹೋಗುತ್ತದೆ. ಹಿಡಿ ಹುಲ್ಲನ್ನು ಮುರಿದು ಮೂಸಿ. ಹಳಸಲು ವಾಸನೆ ಬಂದರೆ ಬಿಸಾಡಿ. ಒಲೆಯ ಮೇಲಿನ ಅಟ್ಟದಲ್ಲಿ ವಾರ ಇಟ್ಟ ಹುಲ್ಲಿಗೆ ಸಮನಾದದ್ದಿಲ್ಲ.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವವರಿದ್ದಾರೆ. ಕೆಡಿಸುವುದು ಗುಡುಗಲ್ಲ, ಆ ಹೊತ್ತಿನ ಒದ್ದೆ. ಹೇಂಟೆ ದಿನಕ್ಕೊಮ್ಮೆ 15–20 ನಿಮಿಷ ಎದ್ದುಹೋಗುತ್ತದೆ. ಮಳೆಯಲ್ಲಿ ನೆನೆದು ಬಂದು, ಹೊಟ್ಟೆಯ ಬೋಳು ಚರ್ಮವನ್ನು ಮೊಟ್ಟೆಗೆ ಒತ್ತಿ ಕೂತರೆ ನೀರಿನ ಜೊತೆ ಕೊಳೆಯೂ ರಂಧ್ರದೊಳಗೆ ಇಳಿಯುತ್ತದೆ. ಕಾಳು, ನೀರು, ಹೊರಳಾಡಲು ಒಂದು ಬುಟ್ಟಿ ಬೂದಿ ಎಲ್ಲವೂ ಜಗಲಿಯ ಸೂರಿನಡಿಯೇ ಇರಲಿ. ಬೂದಿಯಲ್ಲಿ ಹೊರಳದ ಹೇಂಟೆಗೆ ಹೇನು ಹತ್ತುತ್ತದೆ. ಹೇನು ಕಡಿತ ತಾಳದೆ ಹತ್ತನೇ ದಿನಕ್ಕೆ ಗೂಡು ಬಿಟ್ಟೆದ್ದರೆ ಅದರ ತಪ್ಪೇನು?

ಮೊಟ್ಟೆಯ ವಿಚಾರದಲ್ಲಿ ನಮ್ಮವರದು ಅತಿಯಾಸೆ. ಹದಿನೈದು ಇಟ್ಟರೆ ಅಂಚಿನ ನಾಲ್ಕು ತಣ್ಣಗಾಗುತ್ತವೆ. ಹೇಂಟೆ ಅವನ್ನು ಕೊಕ್ಕಿನಿಂದ ನಡುವಿಗೆಳೆದಾಗ ಬೇರೆ ನಾಲ್ಕು ಅಂಚಿಗೆ ಬರುತ್ತವೆ, ಕೊನೆಗೆ ಎಲ್ಲವೂ ಒಂದೊಂದು ಸಲ ಚಳಿ ತಿಂದಿರುತ್ತವೆ. ಮಳೆಗಾಲಕ್ಕೆ ಒಂಬತ್ತು ಹತ್ತು ಸಾಕು. ಗಿರಿರಾಜ ತಳಿಯದಂಥ ದೊಡ್ಡ ಮೊಟ್ಟೆಯಾದರೆ ಏಳು. ಏಳು ದಿನಕ್ಕಿಂತ ಹಳೆಯದು ಬೇಡ, ತೊಳೆದದ್ದು ಬೇಡವೇ ಬೇಡ. ಕೊಳೆಯಿದ್ದರೆ ಒಣಬಟ್ಟೆಯಲ್ಲಿ ಉಜ್ಜಿದರಾಯಿತು.

ಕೊಯಮತ್ತೂರಿನವರಿಂದ ಕಲಿಯಬೇಕಾದದ್ದು ಎರಡು: ಪೆನ್ಸಿಲು, ಟಾರ್ಚು. ಮೊಟ್ಟೆ ಇಟ್ಟ ತಾರೀಕನ್ನು ಚಿಪ್ಪಿನ ಮೇಲೇ ಬರೆದರೆ, ಬೇರೆ ಹೇಂಟೆ ನುಗ್ಗಿ ಇಟ್ಟ ಹೊಸ ಮೊಟ್ಟೆ ಕೂಡಲೇ ಗೊತ್ತಾಗುತ್ತದೆ. ಏಳನೇ ರಾತ್ರಿ ಕತ್ತಲಲ್ಲಿ ದಪ್ಪ ತುದಿಗೆ ಟಾರ್ಚು ಹಿಡಿಯಿರಿ. ಜೇಡನ ಕಾಲಿನಂತೆ ಕೆಂಪು ನರ ಹರಡಿದ್ದರೆ ಜೀವವಿದೆ. ಖಾಲಿ ಬೆಳಕು ಕಂಡರೆ ಹುಂಜದ ಕೂಟವಾಗಿಲ್ಲ. ಕೆಂಪು ಉಂಗುರ ಕಂಡರೆ ಸತ್ತಿದೆ. ಅಂಥದನ್ನು ತೆಗೆಯದೆ ಬಿಟ್ಟರೆ ಕೊಳೆತು ಸಿಡಿದು ಇಡೀ ಗೂಡು ಹಾಳು. ಎರಡು ಹೇಂಟೆಯನ್ನು ಒಂದೇ ಸಂಜೆ ಕೂರಿಸಿದ್ದರೆ, ಏಳನೇ ದಿನ ಉಳಿದ ಒಳ್ಳೆಯ ಮೊಟ್ಟೆಗಳನ್ನು ಒಂದರಡಿ ಸೇರಿಸಿ, ಇನ್ನೊಂದಕ್ಕೆ ಹೊಸ ಮೊಟ್ಟೆ ಕೊಡಬಹುದು. ಆದರೆ ಅದು ಇನ್ನೂ 21 ದಿನ ಕೂರಬೇಕಾಗುತ್ತದೆ, ಮೈ ತುಂಬಿದ ಹೇಂಟೆಗಷ್ಟೇ ಇದು.

ಹದಿನೆಂಟರ ನಂತರ ಕೈ ಹಾಕಬಾರದು. ಇಪ್ಪತ್ತರ ಸಂಜೆ ಚಿಪ್ಪು ಬಿರಿದ ಮೇಲೆ ಮರಿ ಹೊರಬರಲು ಒಂದು ದಿನ ಹಿಡಿದರೂ ಬಿಡಿ. ಪೊರೆಯ ರಕ್ತನಾಳ ಒಣಗುವ ಮುಂಚೆ ಚಿಪ್ಪು ಸುಲಿದರೆ ರಕ್ತ ಸೋರುತ್ತದೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಒಂದೆರಡು ದಿನಕ್ಕಾಗುವಷ್ಟು ಭಂಡಾರ ಇರುತ್ತದೆ, ನುಚ್ಚಕ್ಕಿಗೆ ಅವಸರವಿಲ್ಲ. ಇಪ್ಪತ್ತಮೂರಕ್ಕೂ ಸದ್ದಿಲ್ಲದ ಮೊಟ್ಟೆಯನ್ನು ದೂರದ ಗುಂಡಿಗೆ ಹಾಕಿ, ಗೂಡಿನ ಹುಲ್ಲು ಸುಟ್ಟು, ಬುಟ್ಟಿಯನ್ನು ಮತ್ತೆ ಅಟ್ಟಕ್ಕೇರಿಸಿ.