ಹೀಟರ್ ಹೋಸ್‌ಗೆ ಬೋಲ್ಟ್ ತುರುಕಿದರೆ ಸಾಕಾ? ಒಂದು ಸ್ಪಷ್ಟನೆ

"ನಮ್ಮೂರಲ್ಲಿ ಹೀಟರ್ ಯಾರಿಗೆ ಬೇಕು, ಪಿಕಪ್‌ನ ಹೀಟರ್ ಹೋಸ್ ಲೀಕ್ ಆದ್ರೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದುಬಿಡಿ" ಅಂತ ಒಂದು ವಾಟ್ಸಾಪ್ ಮೆಸೇಜ್ ತೀರ್ಥಹಳ್ಳಿ, ಹೊಸನಗರ ಕಡೆ ಓಡಾಡ್ತಿದೆ. ಪೂರ್ತಿ ಸುಳ್ಳಲ್ಲ. ದಾರಿಯಲ್ಲಿ ಕೈಕೊಟ್ಟಾಗ ಗ್ಯಾರೇಜ್ ತಲುಪೋಕೆ ಕೆಲವು ಗಾಡಿಗಳಲ್ಲಿ ನಡೆಯುತ್ತದೆ, ಹಾಗೇ ಬಿಡುವಂಥದ್ದಲ್ಲ. ಇಂಜಿನ್‌ಗೂ ಹೀಟರ್‌ಗೂ ನಡುವಿನ ಈ ರಬ್ಬರ್ ಪೈಪಿನಲ್ಲಿ ಹರಿಯೋದು ಇಂಜಿನ್ ಕೂಲೆಂಟೇ, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ. ಕೆಲವು ಇಂಜಿನ್‌ಗಳಲ್ಲಂತೂ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರೆಗೆ ರೇಡಿಯೇಟರ್ ದಾರಿ ಮುಚ್ಚಿಡೋ ವಾಲ್ವ್) ಮುಚ್ಚಿರುವಾಗ ಕೂಲೆಂಟ್ ತಿರುಗೋ ದಾರಿಯೇ ಇದು. ಹೀಟರ್ ಬೇಡ ಅನ್ನೋರು ಜುಲೈ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವಾಗ ಮುಂದಿನ ಗಾಜು ಮಂಜಾದರೆ ಬಟ್ಟೆ ಹಿಡ್ಕೊಂಡು ಒರೆಸ್ತಾ ಕೂರ್ತಾರಾ?

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೋಸನ್ನು ಹಿಂಡಿ ನೋಡಿ, ಕ್ಲಿಪ್ ಹತ್ತಿರ ಜಾಸ್ತಿ ಗಮನ ಇರಲಿ. ಮೆತ್ತಗೆ ಉಬ್ಬಿದ್ದರೆ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಕ್ಲಿಪ್ ಸುತ್ತ ಕೂಲೆಂಟ್ ಒಣಗಿ ಬಿಳಿ ಕಲೆ ಕಟ್ಟಿದ್ದರೆ ಬದಲಿಸಿ. ಅಡಿಕೆ ಶೆಡ್‌ನಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿದ ಗುರುತೂ ಹುಡುಕಿ.

ಕೂಲೆಂಟ್ ಇಳಿಸಿ, ಹಳೇ ಹೋಸನ್ನು ತಿರುಚಿ ಎಳೆಯದೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಹೀಟರ್ ಕೋರ್‌ನ (ಡ್ಯಾಶ್‌ಬೋರ್ಡ್ ಹಿಂದೆ ಗಾಳಿ ಬಿಸಿ ಮಾಡೋ ಪುಟ್ಟ ರೇಡಿಯೇಟರ್) ಪೈಪ್ ತೆಳು, ಅದು ಮುರಿದರೆ ಎಷ್ಟೋ ಗಾಡಿಗಳಲ್ಲಿ ಡ್ಯಾಶ್‌ಬೋರ್ಡೇ ಬಿಚ್ಚಬೇಕು. ಹೊಸದರ ಒಳಅಳತೆ ಹಳೆಯದರಷ್ಟೇ ಇರಲಿ, ಸಾಮಾನ್ಯವಾಗಿ 16 ಅಥವಾ 19 ಮಿಲಿಮೀಟರ್. ಸುಮ್ನೆ ತೋಟದ ಪೈಪ್ ತುಂಡು ಹಾಕಬೇಡಿ, ಆ ಬಿಸಿಗೆ ಅದು ನಿಲ್ಲಲ್ಲ. ಆಮೇಲೆ ಕೂಲೆಂಟ್ ತುಂಬಿ, ಹೀಟರ್ ಫುಲ್ ಬಿಸಿಗಿಟ್ಟು ಇಂಜಿನ್ ಓಡಿಸಿ. ಒಳಗಿನ ಗಾಳಿ ಹೋಗಿ ಮಟ್ಟ ಇಳಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ತುಂಬಿ.